ಒಂದೇ ಚುಕ್ಕಿ, ಬೇರೆ ಬೇರೆ ರಂಗೋಲಿ

(ಮೈಸೂರಿನಲ್ಲಿ ಒಂದು ಭಾನುವಾರ ಸಂಜೆ ಕೊಟ್ಟ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಹೋದ ಮಳೆಗಾಲದ ಒಂದು ಬೆಳಗ್ಗೆ. ನಮ್ಮ ಹಿತ್ತಿಲಿನ ಕರಿಬೇವಿನ ಗಿಡದ ಸುತ್ತ ಒಂದು ಚಿಟ್ಟೆ ಹಾರುತ್ತಿತ್ತು. ಕಪ್ಪು ರೆಕ್ಕೆ. ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ. ಹಿಂದಿನ ರೆಕ್ಕೆಯಲ್ಲಿ ಕುಂಕುಮದ ಬೊಟ್ಟು ಇಟ್ಟ ಹಾಗೆ ಕೆಂಪು ಚುಕ್ಕೆಗಳ ಸಾಲು. ಒಗ್ಗರಣೆಗೆ ಸೊಪ್ಪು ಕೀಳಲು ಬಂದ ನಮ್ಮತ್ತೆ, "ಇದು ಯಾವುದಮ್ಮ?" ಎಂದು ಕೇಳಿದರು. "ಕ್ರಿಮ್ಸನ್ ರೋಸ್, ಅತ್ತೆ" ಅಂದೆ. ಅವರು ಸ್ವಲ್ಪ ಹೊತ್ತು ನೋಡಿ, "ಅಲ್ಲ ಕಣಮ್ಮ, ರೋಸು ಈಶ್ವರಿ ಬಳ್ಳಿ ಬಿಟ್ಟು ಬೇರೆ ಕಡೆ ಮೊಟ್ಟೆ ಇಡಲ್ಲ ಅಂತ ನೀನೇ ಹೇಳಿದ್ದೆ. ಇದು ನಮ್ಮ ಕರಿಬೇವಿಗೆ ಇಡ್ತಾ ಇದೆಯಲ್ಲ?" ಅಂದರು.

ಹತ್ತಿರ ಹೋಗಿ ನೋಡಿದೆ. ರೋಸ್ ಚಿಟ್ಟೆಯ ಮೈ ಕೆಂಪಗಿರುತ್ತದೆ. ಇದರ ಮೈ ಕಪ್ಪು. ಅದು ರೋಸ್ ಅಲ್ಲ, ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣು. ರೆಕ್ಕೆ ಏನೋ ಹೇಳುತ್ತಿತ್ತು, ಗಿಡ ಬೇರೆ ಏನೋ ಹೇಳುತ್ತಿತ್ತು. ಅತ್ತೆ ಗಿಡವನ್ನು ನಂಬಿದರು. ಅವರು ನಂಬಿದ್ದೇ ಸರಿಯಾಗಿತ್ತು.

ಇವತ್ತು ನಾನು ಮಾತಾಡಲು ಬಂದಿರುವುದು ಇದೇ ವಿಷಯ. ಚಿಟ್ಟೆಗಳ ರೆಕ್ಕೆಯ ಬಣ್ಣ ನೋಡಿ ಯಾರು ಯಾರಿಗೆ ನೆಂಟರು ಎಂದು ಹೇಳಬಹುದೇ? ಹೇಳಬಹುದು. ಆದರೆ ಬಣ್ಣವನ್ನು ನೋಡಿ ಅಲ್ಲ, ಬಣ್ಣದ ಕೆಳಗಿರುವ ಚುಕ್ಕಿಗಳನ್ನು ನೋಡಿ.

ಚುಕ್ಕಿ ಅಂದೆ. ನಮ್ಮ ಮನೆ ಮುಂದಿನ ರಂಗೋಲಿಯನ್ನೇ ನೆನೆಸಿಕೊಳ್ಳಿ. ಏಳು ಚುಕ್ಕಿ ಏಳು ಸಾಲು ಇಟ್ಟರೆ ಅದರಿಂದ ತಾವರೆಯನ್ನೂ ಬಿಡಿಸಬಹುದು, ನವಿಲನ್ನೂ ಬಿಡಿಸಬಹುದು. ಎಳೆ ಎಳೆದು ಬಣ್ಣ ತುಂಬಿದ ಮೇಲೆ ಎರಡೂ ಒಂದೇ ಚುಕ್ಕಿಯಿಂದ ಬಂದವು ಎಂದು ಸುಮ್ನೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಹಾಕಿದವರಿಗೆ ಗೊತ್ತು. ಚಿಟ್ಟೆಯ ರೆಕ್ಕೆಗೂ ಇಂಥ ಚುಕ್ಕಿಗಳಿವೆ ಎಂದು ಸುಮಾರು ನೂರು ವರ್ಷದ ಹಿಂದೆ ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡರು. ರಷ್ಯಾದ ಶ್ವಾನ್ವಿಚ್ 1924ರಲ್ಲಿ, ಜರ್ಮನಿಯ ಸ್ಯೂಫರ್ಟ್ 1927ರಲ್ಲಿ ಇದನ್ನು ಬರೆದರು. ಅವರು ನೋಡಿದ್ದು ನಿಂಫಾಲಿಡ್ ಎಂಬ ದೊಡ್ಡ ಕುಟುಂಬವನ್ನು. ರೆಕ್ಕೆಯ ಬುಡದಲ್ಲಿ ಒಂದು ಪಟ್ಟಿ, ನಡುವೆ ಜೋಡಿ ಪಟ್ಟಿ, ಅದರಾಚೆ ಕಣ್ಣಿನಂಥ ಚುಕ್ಕೆಗಳ ಒಂದು ಸಾಲು, ಕೊನೆಗೆ ಅಂಚಿನ ಗೆರೆಗಳು. ಇಡೀ ಕುಟುಂಬಕ್ಕೆ ಇದೇ ನಕ್ಷೆ. ಒಂದು ಜಾತಿ ಕಣ್ಣನ್ನು ದೊಡ್ಡದು ಮಾಡುತ್ತದೆ, ಇನ್ನೊಂದು ಅಳಿಸಿಹಾಕುತ್ತದೆ, ಮತ್ತೊಂದು ಪಟ್ಟಿಯನ್ನು ಪಕ್ಕಕ್ಕೆ ಸರಿಸುತ್ತದೆ. ಆದರೆ ಸಾಲು ಅದಲು ಬದಲಾಗುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಜುನೋನಿಯ ಎಂಬ ಕುಲದ ಪ್ಯಾನ್ಸಿ ಚಿಟ್ಟೆಗಳು ಸಾಕು. ಭಾರತದಲ್ಲಿ ಆರು ಪ್ಯಾನ್ಸಿಗಳಿವೆ, ಆರೂ ನಮ್ಮ ದಕ್ಷಿಣದಲ್ಲಿ ಸಿಗುತ್ತವೆ. ಕುಕ್ಕರಹಳ್ಳಿ ಕೆರೆ ಏರಿ, ಚಾಮುಂಡಿ ಬೆಟ್ಟದ ತಪ್ಪಲು, ಇಂಥ ಬಿಸಿಲು ಬೀಳುವ ಹುಲ್ಲು ಜಾಗ ಇವುಗಳಿಗೆ ಇಷ್ಟ. ಗ್ರೇ ಪ್ಯಾನ್ಸಿಯನ್ನು ಮೊದಲು ನೋಡಿ. ಬೂದಿ ಬಣ್ಣದ ರೆಕ್ಕೆಯ ಮೇಲೆ ಕಣ್ಣುಗಳ ಸಾಲು ಪೂರ್ತಿಯಾಗಿ ಕಾಣುತ್ತದೆ. ರಂಗೋಲಿಯಲ್ಲಿ ಬರೀ ಚುಕ್ಕಿ ಇಟ್ಟು ಎದ್ದುಹೋದ ಹಾಗೆ. ಆಮೇಲೆ ಪೀಕಾಕ್ ಪ್ಯಾನ್ಸಿ ನೋಡಿ. ಅದೇ ಸಾಲು, ಆದರೆ ಹಿಂದಿನ ರೆಕ್ಕೆಯ ಮೇಲ್ತುದಿಯ ಕಣ್ಣೊಂದು ನವಿಲುಗರಿಯ ಕಣ್ಣಿನಷ್ಟು ದೊಡ್ಡದಾಗಿದೆ. ಲೆಮನ್ ಪ್ಯಾನ್ಸಿಯಲ್ಲಿ ಕಣ್ಣುಗಳ ಜೊತೆಗೆ ನಿಂಬೆ ಬಣ್ಣದ ಚುಕ್ಕೆಗಳು. ಚಾಕಲೇಟ್ ಪ್ಯಾನ್ಸಿಯಲ್ಲಿ ಸಾಲು ಇದೆ, ಆದರೆ ಕಂದಿನಲ್ಲಿ ಮುಳುಗಿದೆ. ಯೆಲ್ಲೋ ಪ್ಯಾನ್ಸಿಯ ಗಂಡಿನಲ್ಲಿ ಕಣ್ಣುಗಳು ಹೆಚ್ಚುಕಡಿಮೆ ಅಳಿಸಿಹೋಗಿವೆ. ಆ ಜಾಗದಲ್ಲಿ ಹೊಳೆಯುವ ಅರಿಶಿನ, ಹಿಂದಿನ ರೆಕ್ಕೆಯಲ್ಲಿ ಒಂದು ನೀಲಿ ಮಚ್ಚೆ. ಬ್ಲೂ ಪ್ಯಾನ್ಸಿಯ ಗಂಡಿನ ಹಿಂದಿನ ರೆಕ್ಕೆಯಂತೂ ಪೂರ್ತಿ ನೀಲಿ.

ಆರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಣ್ಣದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಬೆರಳಿಟ್ಟು ಕಣ್ಣಿನ ಚುಕ್ಕೆಗಳ ಜಾಗ ಹುಡುಕುತ್ತಾ ಹೋಗಿ. ರೆಕ್ಕೆಯ ನರಗಳ ನಡುವೆ ಅದೇ ಅದೇ ಮನೆಗಳಲ್ಲಿ ಅವು ಸಿಗುತ್ತವೆ. ನನಗೆ ಇದು ಮೊದಲ ಸಲ ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ವರ್ಷ ನೋಡಿದ್ದ ಚಿಟ್ಟೆಗಳನ್ನೇ ಹೊಸದಾಗಿ ನೋಡಿದ ಹಾಗೆ ಆಯಿತು.

ಈ ಕಣ್ಣು ಹೇಗೆ ಮೂಡುತ್ತದೆ? ಅಮೆರಿಕದಲ್ಲಿ ಇವುಗಳ ತಂಗಿಯಂಥ ಒಂದು ಚಿಟ್ಟೆ ಇದೆ, ಬಕ್‌ಐ ಎಂದು ಹೆಸರು. 1980ರಲ್ಲಿ ವಿಜ್ಞಾನಿ ಫ್ರೆಡ್ ನೈಹೌಟ್ ಅದರ ಕೋಶದೊಳಗೆ, ಅಂದರೆ ಹುಳು ಚಿಟ್ಟೆಯಾಗುವ ಗೂಡಿನೊಳಗೆ, ಬೆಳೆಯುತ್ತಿದ್ದ ರೆಕ್ಕೆಯಿಂದ, ಮುಂದೆ ಕಣ್ಣಿನ ನಡುಭಾಗ ಆಗಬೇಕಿದ್ದ ಚೂರನ್ನು ತೆಗೆದು ಬೇರೆ ಜಾಗದಲ್ಲಿ ನಾಟಿ ಮಾಡಿದರು. ಚಿಟ್ಟೆ ಹೊರಬಂದಾಗ ಹೊಸ ಜಾಗದಲ್ಲಿ ಕಣ್ಣು ಮೂಡಿತ್ತು. ಅಂದರೆ ಆ ಚಿಕ್ಕ ಬಿಂದುವೇ ಸುತ್ತಲಿನ ಜೀವಕೋಶಗಳಿಗೆ ಯಾವ ಬಣ್ಣ ಹಿಡಿಯಬೇಕು ಎಂದು ಹೇಳುತ್ತದೆ. 1994ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಆ ಬಿಂದುವಿನಲ್ಲಿ ಕೆಲಸ ಮಾಡುವ ಡಿಸ್ಟಲ್‌ಲೆಸ್ ಎಂಬ ಜೀನು (ವಂಶವಾಹಿ) ಹೊಸದಲ್ಲ. ಕೀಟಗಳಲ್ಲಿ ಕಾಲು ಬೆಳೆಸುವ ಹಳೆಯ ಜೀನೇ ಅದು.

ಇನ್ನು ಮಂಡ್ಯದ ದಾರಿಗೆ ಬರೋಣ. ರಸ್ತೆ ಬದಿಯಲ್ಲಿ, ಕಬ್ಬಿನ ಗದ್ದೆಯ ಬದುವಿನಲ್ಲಿ ಎಕ್ಕದ ಗಿಡ ಜಾಸ್ತಿ. ಅದರ ಮೇಲೆ ಕಿತ್ತಳೆ ಬಣ್ಣದ, ರೆಕ್ಕೆ ತುದಿಯಲ್ಲಿ ಕಪ್ಪು ಬಿಳುಪು ಇರುವ ಪ್ಲೇನ್ ಟೈಗರ್ ಸಿಗುತ್ತದೆ. ಎಕ್ಕದಂಥ ಹಾಲಿರುವ ಗಿಡಗಳನ್ನು ತಿಂದು ಅದರ ಹುಳು ಬೆಳೆಯುತ್ತದೆ. ಆ ಗಿಡಗಳ ಕಹಿ ಮೈಯಲ್ಲಿ ಉಳಿಯುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಹಾಗಾಗಿ ಅದು ಹಾರುವಾಗಲೂ ಅವಸರ ಪಡುವುದಿಲ್ಲ. ಅಲ್ಲೇ ಇನ್ನೊಂದು ಚಿಟ್ಟೆ ಇದೆ. ತದ್ರೂಪು ಅದೇ. ಅದು ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು. ಗುರುತು ಹಿಡಿಯುವುದು ಹೇಗೆ? ಹಿಂದಿನ ರೆಕ್ಕೆಯನ್ನು ನೋಡಿ. ಪ್ಲೇನ್ ಟೈಗರ್‌ಗೆ ಅಲ್ಲಿ ಮೂರು ಕಪ್ಪು ಚುಕ್ಕೆ, ಗಂಡಾದರೆ ನಾಲ್ಕು. ಎಗ್‌ಫ್ಲೈಗೆ ಒಂದೇ. ಇದರ ಹುಳುವಿನ ಊಟವೂ ಬೇರೆ. ನಾವು ಬೆರಕೆ ಸೊಪ್ಪಿಗೆ ಸೇರಿಸಿ ಸಾರು ಮಾಡುವ ಗೋಣಿಸೊಪ್ಪನ್ನೇ ಅದೂ ತಿನ್ನುವುದು. ಅದರಲ್ಲಿ ಎಲ್ಲಿಯ ವಿಷ?

ಎಗ್‌ಫ್ಲೈಯ ಗಂಡನ್ನು ನೋಡಿದರೆ ನಂಬುವುದೇ ಕಷ್ಟ. ಕಾಡಿಗೆ ಕಪ್ಪು ರೆಕ್ಕೆ, ಅದರ ಮೇಲೆ ನೇರಳೆ ಅಂಚಿನ ದೊಡ್ಡ ಬಿಳಿ ಬಟ್ಟುಗಳು. ಹೆಣ್ಣಿಗೆ ಹುಲಿಯ ವೇಷ, ಗಂಡಿಗೆ ಬೇರೆಯೇ ವೇಷ. ಹಾಗಾದರೆ ಈ ಎಗ್‌ಫ್ಲೈ ಯಾರ ನೆಂಟ? ಟೈಗರ್‌ಗಳ ನೆಂಟ ಅಲ್ಲ. ಈಗ ತಾನೇ ನೋಡಿದೆವಲ್ಲ, ಆ ಪ್ಯಾನ್ಸಿಗಳಿಗೆ ಹತ್ತಿರದ ನೆಂಟ! ದಸರೆಯಲ್ಲಿ ಹುಲಿವೇಷ ಕಟ್ಟಿದ ನಮ್ಮ ಬೀದಿಯ ಹುಡುಗ ಹುಲಿಯ ಮನೆಯವನಾಗುವುದಿಲ್ಲ ಅಲ್ವಾ? ವೇಷ ಕಳಚಿದರೆ ಅವನ ಮುಖದಲ್ಲಿ ಅಣ್ಣತಮ್ಮಂದಿರ ಮೂಗೇ ಕಾಣುತ್ತದೆ.

ಈ ವೇಷದ ಮಾತನ್ನು ಮೊದಲು ವಿವರವಾಗಿ ಬರೆದವರು ಇಂಗ್ಲೆಂಡಿನ ಪ್ರಕೃತಿ ವಿಜ್ಞಾನಿ ಹೆನ್ರಿ ಬೇಟ್ಸ್. 1848ರಲ್ಲಿ ಅಮೆಜಾನ್ ಕಾಡಿಗೆ ಹೋಗಿ ಹನ್ನೊಂದು ವರ್ಷ ಅಲ್ಲೇ ಇದ್ದರು. ವಿಷವಿಲ್ಲದ ಚಿಟ್ಟೆ ವಿಷದ ಚಿಟ್ಟೆಯ ರೂಪ ತಾಳಿ ಬದುಕುತ್ತದೆ ಎಂದು 1862ರಲ್ಲಿ ಬರೆದರು. ಆದರೆ ವಿಷವಿರುವ ಚಿಟ್ಟೆಗಳೇ ಒಂದನ್ನೊಂದು ಹೋಲುವುದೇಕೆ? ಇದಕ್ಕೆ ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನಿಯ ಫ್ರಿಟ್ಸ್ ಮ್ಯೂಲರ್ 1870ರ ದಶಕದ ಕೊನೆಯಲ್ಲಿ ಉತ್ತರ ಕೊಟ್ಟರು. ಎಳೆ ಹಕ್ಕಿ ಪಾಠ ಕಲಿಯಲು ಕೆಲವು ಚಿಟ್ಟೆ ಸಾಯಲೇಬೇಕು. ಎರಡು ಜಾತಿ ಒಂದೇ ರೂಪ ತಾಳಿದರೆ ಆ ನಷ್ಟ ಇಬ್ಬರ ಮೇಲೂ ಹಂಚಿಹೋಗುತ್ತದೆ. ನಮ್ಮ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್‌ಗಳನ್ನು ದೂರದಿಂದ ಬೇರೆ ಮಾಡಲು ಆಗದೇ ಇರುವುದು ಇದಕ್ಕೇ ಇರಬೇಕು.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಹೆಲಿಕೋನಿಯಸ್ ಚಿಟ್ಟೆಗಳಲ್ಲಿ ಇದು ತೀರಾ ಬೆರಗಿನ ಮಟ್ಟಕ್ಕೆ ಹೋಗಿದೆ. ಎರಾಟೊ, ಮೆಲ್ಪೊಮಿನಿ ಎಂದು ಎರಡು ಜಾತಿ. ಇವೆರಡರ ವಂಶ ಬೇರೆಯಾಗಿ ಸುಮಾರು ಒಂದು ಕೋಟಿ ವರ್ಷವಾಗಿದೆ. ಒಂದರ ಜೊತೆ ಒಂದು ಕೂಡುವುದಿಲ್ಲ. ಒಂದು ಕಡೆ ಎರಡಕ್ಕೂ ಮುಂದಿನ ರೆಕ್ಕೆಯಲ್ಲಿ ಕೆಂಪು ಪಟ್ಟಿ, ಹಿಂದಿನದರಲ್ಲಿ ಹಳದಿ ಗೆರೆ. ಅಮೆಜಾನ್ ಒಳಗೆ ಹೋದರೆ ಎರಡಕ್ಕೂ ಹಿಂದಿನ ರೆಕ್ಕೆಯಲ್ಲಿ ಸೂರ್ಯಕಿರಣದಂಥ ಕಿತ್ತಳೆ ಗೆರೆಗಳು. ಊರು ಬದಲಾದಂತೆ ಎರಡೂ ಒಟ್ಟಿಗೆ ಸೀರೆ ಬದಲಾಯಿಸುತ್ತವೆ. ಒಂದೇ ಜಾತಿಯ ಎರಡು ಊರಿನ ಚಿಟ್ಟೆಗಳಿಗಿಂತ, ಒಂದೇ ಊರಿನ ಎರಡು ಜಾತಿಗಳು ಹೆಚ್ಚು ಹೋಲುತ್ತವೆ.

ಇದರ ಹಿಂದಿನ ಜೀನುಗಳು ಈಚೆಗೆ ಒಂದೊಂದಾಗಿ ಸಿಕ್ಕಿವೆ. ಕೆಂಪು ಎಲ್ಲಿ ಬರಬೇಕು ಎನ್ನುವುದನ್ನು ಆಪ್ಟಿಕ್ಸ್ ಎಂಬ ಜೀನು ತೀರ್ಮಾನಿಸುತ್ತದೆ ಎಂದು 2011ರಲ್ಲಿ ತಿಳಿಯಿತು. ಮರುವರ್ಷ, ಕಪ್ಪಿನ ಆಕಾರ ತಿದ್ದುವ ಡಬ್ಲ್ಯುಎನ್‌ಟಿಎ ಸಿಕ್ಕಿತು. ಎರಾಟೊ, ಮೆಲ್ಪೊಮಿನಿ ಎರಡೂ ಇದೇ ಜೀನುಗಳನ್ನು ಬಳಸುತ್ತವೆ. ಹಾಗಾದರೆ ಒಳಗಿನ ಕೆಲಸವೂ ಒಂದೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. 2019ರಲ್ಲಿ ಎರಡರಲ್ಲೂ ಡಬ್ಲ್ಯುಎನ್‌ಟಿಎಯನ್ನು ಕೆಡಿಸಿ ನೋಡಿದರು. ಹೊರಗೆ ಒಂದೇ ಥರ ಇದ್ದ ಜೋಡಿಗಳು ಆಗ ಬೇರೆ ಬೇರೆ ಥರ ಕೆಟ್ಟವು. ಅಂದರೆ ರಂಗೋಲಿ ಒಂದೇ, ಆದರೆ ಎಳೆ ಎಳೆದ ಕ್ರಮ ಬೇರೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಪ್ರಯೋಗ ಇದು.

ಬಣ್ಣದ ಬಗ್ಗೆಯೂ ಎರಡು ಮಾತು ಹೇಳಬೇಕು. ಚಿಟ್ಟೆಯನ್ನು ಹಿಡಿದರೆ ಬೆರಳಿಗೆ ಪುಡಿ ಅಂಟುತ್ತದಲ್ಲ, ಅದು ಪುಡಿ ಅಲ್ಲ. ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಜೋಡಿಸಿದ ಹುರುಪೆಗಳು. ಒಂದೊಂದು ಹುರುಪೆಯೂ ಒಂದೊಂದು ಜೀವಕೋಶದಿಂದ ಬಂದದ್ದು, ಸಾಮಾನ್ಯವಾಗಿ ಒಂದಕ್ಕೆ ಒಂದೇ ಬಣ್ಣ. (ಮಕ್ಕಳಿಗೆ ಹಿಡಿಯಬೇಡಿ ಎಂದು ಹೇಳುವುದು ಇದಕ್ಕೇ. ಉದುರಿದ ಹೆಂಚು ಮತ್ತೆ ಬೆಳೆಯುವುದಿಲ್ಲ.) ಈಗ ಹಳದಿಯನ್ನೇ ತೆಗೆದುಕೊಳ್ಳಿ. ಹುಲ್ಲಿನ ಮೇಲೆ ಹಾರುವ ಗ್ರಾಸ್ ಯೆಲ್ಲೋ ಚಿಟ್ಟೆಯ ಹಳದಿ ಟೆರಿನ್ ಎಂಬ ಬಣ್ಣದಿಂದ ಬಂದದ್ದು. ಫೋಲಿಕ್ ಆಸಿಡ್ ವಿಟಮಿನ್‌ಗೆ ಅದು ರಾಸಾಯನಿಕವಾಗಿ ನೆಂಟ. ನಿಂಬೆ ಗಿಡದ ಲೈಮ್ ಚಿಟ್ಟೆಯ ತಿಳಿ ಹಳದಿ ಪ್ಯಾಪಿಲಿಯೊಕ್ರೋಮ್ ಎಂಬ ಬೇರೆಯೇ ವಸ್ತು. ಅದು ಮಾರ್ಮನ್, ಲೈಮ್‌ಗಳ ಕುಟುಂಬದವರ ಸ್ವಂತ ಬಣ್ಣ. ಬ್ಲೂ ಪ್ಯಾನ್ಸಿಯ ನೀಲಿಗಂತೂ ನೀಲಿ ಬಣ್ಣವೇ ಇಲ್ಲ. ಹುರುಪೆಯ ತೆಳು ಪದರದ ಮೇಲೆ ಬೆಳಕು ಬಿದ್ದು ಹಾಗೆ ಕಾಣುತ್ತದೆ, ನೀರಿನ ಮೇಲಿನ ಎಣ್ಣೆಯ ಹಾಗೆ. 2017ರಲ್ಲಿ ಬಕ್‌ಐ ಚಿಟ್ಟೆಯಲ್ಲಿ ಆಪ್ಟಿಕ್ಸ್ ಜೀನನ್ನು ಕೆಡಿಸಿದಾಗ ಕಂದು ರೆಕ್ಕೆಯಲ್ಲಿ ನೀಲಿ ಹೊಳಪು ಎದ್ದುಬಂತು. ದಕ್ಷಿಣ ಅಮೆರಿಕದ ಚಿಟ್ಟೆಗೆ ಕೆಂಪು ಕೊಡುವ ಜೀನೇ ಇಲ್ಲಿ ನೀಲಿಯನ್ನು ತಡೆದು ಹಿಡಿದಿತ್ತು.

ಋತುವಿನಿಂದಲೂ ರೆಕ್ಕೆ ಬದಲಾಗುತ್ತದೆ. ಪೀಕಾಕ್ ಪ್ಯಾನ್ಸಿಯನ್ನು ಮಳೆಗಾಲದಲ್ಲಿ ನೋಡಿದವರು ಬೇಸಿಗೆಯಲ್ಲಿ ರೆಕ್ಕೆಯ ಅಡಿಭಾಗ ನೋಡಿ. ಕಣ್ಣೆಲ್ಲ ಮಾಯ, ಒಣಗಿದ ಎಲೆಯ ಹಾಗೆ. ಅದಕ್ಕೇ ಹೋಲಿಸುವಾಗ ಯಾವ ತಿಂಗಳು ಎಂದು ಬರೆದಿಡಿ. ಮೇಲ್ಭಾಗ, ಅಡಿಭಾಗ ಎರಡರ ಫೋಟೊ ತೆಗೆಯಿರಿ. ಸಾಧ್ಯವಾದರೆ ಯಾವ ಗಿಡಕ್ಕೆ ಮೊಟ್ಟೆ ಇಟ್ಟಿತು ಎಂದೂ ನೋಡಿ.

ಗಿಡ ಅಂದ ತಕ್ಷಣ ಮತ್ತೆ ನಮ್ಮ ಕರಿಬೇವಿಗೆ ಬರಬೇಕು. ಕಾಮನ್ ಮಾರ್ಮನ್‌ನಲ್ಲಿ ಗಂಡು ಒಂದೇ ಥರ. ಕಪ್ಪು ರೆಕ್ಕೆ, ಹಿಂದಿನದರಲ್ಲಿ ಬಿಳಿ ಮಚ್ಚೆಗಳ ಸಾಲು. ಹೆಣ್ಣು ನಮ್ಮಲ್ಲಿ ಮೂರು ಥರ. ಒಂದು ಗಂಡಿನ ಹಾಗೆ, ಒಂದು ಕಾಮನ್ ರೋಸ್ ಹಾಗೆ, ಇನ್ನೊಂದು ಕ್ರಿಮ್ಸನ್ ರೋಸ್ ಹಾಗೆ. ಒಂದೇ ತಾಯಿಯ ಹೆಣ್ಣುಮಕ್ಕಳಲ್ಲೇ ಬೇರೆ ಬೇರೆ ರೂಪ ಹುಟ್ಟಬಹುದು. ಗಂಡುಮಕ್ಕಳು ಆ ಗುಣವನ್ನು ಒಳಗೆ ಹೊತ್ತಿದ್ದರೂ ಹೊರಗೆ ತೋರಿಸುವುದಿಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ್ ಕುಂಟೆ ಮತ್ತು ಅವರ ಜೊತೆಗಾರರು 2014ರಲ್ಲಿ ಇದರ ಕಾರಣ ಹೇಳಿದರು. ಡಬಲ್‌ಸೆಕ್ಸ್ ಎಂಬ ಒಂದೇ ಜೀನು. ಕೀಟಗಳಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಮಾಡುವ ಜೀನೇ ಇಲ್ಲಿ ವೇಷದ ಕೆಲಸವನ್ನೂ ಹಿಡಿದಿದೆ. ಗಂಡಿನಂತಿರುವ ಹೆಣ್ಣಿನ ಹಿಂದಿನ ರೆಕ್ಕೆಯ ಅಂಚನ್ನು ಗಮನವಿಟ್ಟು ನೋಡಿ. ಅಲ್ಲಿ ಸಣ್ಣ ಕೆಂಪು ಅರ್ಧಚಂದ್ರಗಳು ಸಾಮಾನ್ಯವಾಗಿ ಇರುತ್ತವೆ. ರೋಸ್ ವೇಷದ ಕೆಂಪು ಸಾಲು ಎಲ್ಲಿಂದಲೋ ತಂದದ್ದಲ್ಲ. ಚುಕ್ಕಿ ಮೊದಲೇ ಇತ್ತು.

ಅವತ್ತು ಇಟ್ಟ ಮೊಟ್ಟೆಗಳು ಹುಳುವಾದವು. ಹಕ್ಕಿಯ ಹಿಕ್ಕೆಯಂತಿದ್ದವು ಹಸಿರಾದವು, ಕೋಶ ಕಟ್ಟಿದವು. ಹೊರಬರುವ ಹಿಂದಿನ ದಿನ ಕೋಶದ ಸಿಪ್ಪೆ ತೆಳ್ಳಗಾಗಿ ಒಳಗಿನ ರೆಕ್ಕೆ ಕಾಣುತ್ತದೆ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಕೂತರು. ಮೊದಲನೆಯದು ಬಿಳಿ ಮಚ್ಚೆ, ಎರಡನೆಯದೂ ಬಿಳಿ ಮಚ್ಚೆ. ಮೂರನೆಯದರಲ್ಲಿ ಕೆಂಪು ಕಂಡಿತು. ಈ ಸಲವೂ ಗಿಡದಲ್ಲಿ ಐದು ಕೋಶಗಳಿವೆ. ಎರಡು ಕಪ್ಪಾಗುತ್ತಿವೆ. ನೋಡುವ ಆಸೆ ಇರುವವರು ನಾಳೆ ಬೆಳಗ್ಗೆ ಎಂಟರೊಳಗೆ ಮನೆಗೆ ಬನ್ನಿ.