ಮೊದಲು ಆ ತಂಬಿಗೆ ಕೆಳಗಿಡಿ

ಎಲ್ಲರಿಗೂ ಶರಣು. ಹಿಂದೆ ನಿಂತಿರೋ ಅಣ್ಣಂದಿರು ಮುಂದೆ ಬನ್ನಿ, ಫ್ಯಾನು ಇಲ್ಲೇ ಇದೆ.

ನಮ್ಮ ಕಲಬುರಗಿಯಲ್ಲಿ ಯಾರೇ ಮನೆಗೆ ಬಂದರೂ ಮೊದಲು ಒಂದು ತಂಬಿಗೆ ನೀರು ಕೊಡ್ತೀವಿ. ಈ ಬಿಸಿಲಿಗೆ ಅದೇ ದೊಡ್ಡ ಮರ್ಯಾದೆ. ಆದರೆ ಎಚ್ಚರ ತಪ್ಪಿ ಬಿದ್ದವರಿಗೂ ಅದೇ ಮರ್ಯಾದೆ ಮಾಡ್ತೀವಲ್ಲ, ನನ್ನ ಜಗಳ ಅದರ ಮೇಲೆ.

ನಾನೂ ಮಾಡಿದ್ದೀನಿ. ನರ್ಸಿಂಗ್ ಸೇರೋಕೆ ಮುಂಚಿನ ಮಾತು. ಆಳಂದ ಕಡೆ ಒಂದು ಲಗ್ನ, ಮೇ ತಿಂಗಳು. ಅಕ್ಕಿಕಾಳು ಬಿದ್ದು ಊಟಕ್ಕೆ ಕೂತಿದ್ದರು. ಹುಗ್ಗಿ ಬಡಿಸ್ತಿದ್ದ ನಮ್ಮ ಕಾಕಾ ಬಕೆಟ್ ಸಮೇತ ಕುಸಿದರು. "ಅಯ್ಯೋ ಹುಗ್ಗಿ ಚೆಲ್ಲಿತು" ಅಂತ ಒಬ್ಬರು ಕೂಗಿದರು, ಸುಳ್ಳಲ್ಲ! ಒಬ್ಬರು ಉಳ್ಳಾಗಡ್ಡಿ ಮೂಗಿಗೆ ಹಿಡಿದರು. ಇನ್ನೊಬ್ಬರು ಕೈಯಲ್ಲಿ ಬೀಗದ ಕೀಲಿ ಇಟ್ಟರು. ಕಾಕಾನ ಗಂಟಲಿಂದ ನಿಂತು ನಿಂತು ಗೊರಕೆ ಥರ ಸದ್ದು ಬರ್ತಿತ್ತು. ಉಸಿರಾಡ್ತಿದ್ದಾರೆ ಅಂದುಕೊಂಡು ನಾನು ತಂಬಿಗೆ ಎತ್ತಿ ಬಾಯಿಗೆ ನೀರು ಬಿಟ್ಟೆ. ಅದು ಉಸಿರಾಟ ಅಲ್ಲ, ಹೃದಯ ನಿಂತವರು ಹಾಗೇ ಸದ್ದು ಮಾಡ್ತಾರೆ ಅಂತ ಗೊತ್ತಾಗಿದ್ದು ಆಮೇಲೆ, ಕ್ಲಾಸಿನಲ್ಲಿ. ಎಂಟತ್ತು ಜನ ಸುತ್ತ ಇದ್ದೆವು. ಒಬ್ಬರ ಕೈಯೂ ಎದೆ ಮೇಲೆ ಹೋಗಲಿಲ್ಲ. ಕಾಕಾ ದಾರಿಯಲ್ಲೇ ಹೋದರು.

ಹಾಗಾಗಿ ತಂಬಿಗೆ ಕೆಳಗಿಡಿ. ಭುಜ ತಟ್ಟಿ ಕೂಗಿ. ಮಾತಿಲ್ಲ, ಉಸಿರು ಸರಿಯಿಲ್ಲ ಅಂದರೆ ಒಬ್ಬರಿಗೆ ಬೆರಳು ತೋರಿಸಿ "ನೀನು 108ಕ್ಕೆ ಫೋನ್ ಮಾಡು" ಅನ್ನಿ. "ಯಾರಾದರೂ ಮಾಡ್ರಿ" ಅಂದರೆ ಎಲ್ಲರೂ ವಿಡಿಯೋ ಮಾಡ್ತಾರೆ. ನೀವು ಎದೆಯ ನಡುವೆ ಅಂಗೈ ಬುಡ ಇಟ್ಟು, ಮೇಲೆ ಇನ್ನೊಂದು ಕೈ ಇಟ್ಟು ಒತ್ತಿ. ಅಕ್ಕಾರೆ, ಜೋಳದ ಹಿಟ್ಟು ನಾದೋದು ಅದೇ ಅಂಗೈ ಬುಡದಿಂದ ಅಲ್ವಾ? ಆದರೆ ನಾದುವಾಗ ಮೊಣಕೈ ಮಡಚಿ ಮುಂದಕ್ಕೆ ತಳ್ತೀರಿ. ಇಲ್ಲಿ ಮೊಣಕೈ ನೆಟ್ಟಗಿರಬೇಕು, ಭಾರ ಭುಜದಿಂದ ಇಳೀಬೇಕು. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲಿ. ಪಕ್ಕೆಲುಬು ಮುರಿದರೆ? ಮುರಿಯಬಹುದು. ಎಲುಬು ಆಮೇಲೆ ಕೂಡುತ್ತೆ. 2 ನಿಮಿಷಕ್ಕೆ ಕೈ ಸೋಲುತ್ತೆ, ಆಗ ಇನ್ನೊಬ್ಬರು ಕೂರಲಿ. ನೀರು ತಂದು ನಿಂತವರನ್ನೇ ಕೂರಿಸಿ!

ಪೊಲೀಸ್ ಕೇಸಿನ ಭಯ ಬಿಡಿ. ರಸ್ತೆ ಅಪಘಾತದಲ್ಲಿ ಒಳ್ಳೆ ಮನಸ್ಸಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ.

ಮಕ್ಕಳೇ, ನಿಮಗೆ ಒತ್ತೋಕೆ ಬಲ ಸಾಲದಿರಬಹುದು, ಫೋನ್ ಮಾಡೋಕೆ ಸಾಕು. "ಸೂಪರ್ ಮಾರ್ಕೆಟ್ ಹತ್ರ" ಅಂದರೆ ಆಂಬುಲೆನ್ಸ್ ಸುಮ್ನೆ ಸುತ್ತುತ್ತೆ. ಓಣಿ, ಎದುರಿನ ಅಂಗಡಿ, ಗುಡಿ ಹೇಳಿ.

ಚೀಟಿ ಬಂತು, ಐದೇ ನಿಮಿಷ. ಕೂಸಿನ ಗಂಟಲಲ್ಲಿ ಶೇಂಗಾ ಸಿಕ್ಕಿ ಅಳುವೂ ಬರ್ತಿಲ್ಲ ಅಂದರೆ ಕಾಣದ್ದಕ್ಕೆ ಬೆರಳು ಹಾಕಬೇಡಿ, ಇಲ್ಲೂ ನೀರು ಬೇಡ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಬೆನ್ನಿಗೆ 5 ಏಟು. ಬರಲಿಲ್ಲ ಅಂದರೆ ತಿರುಗಿಸಿ ಎದೆಗೆ 5 ಸಲ ಒತ್ತಿ. ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ದವಾಖಾನೆಗೆ ಒಯ್ಯಿರಿ. ಸುಟ್ಟ ಗಾಯಕ್ಕೆ ಪೇಸ್ಟ್ ಬೇಡ. ಅಲ್ಲಿ ಮಾತ್ರ ನೀರು ಬೇಕು, 20 ನಿಮಿಷ. ನಿಮ್ಮ ತಂಬಿಗೆ ಅಲ್ಲಿ ತನ್ನಿ!

ಚಾಪೆ ಮೇಲೆ ಎರಡು ಬೊಂಬೆ ಇವೆ. ಮೊದಲು ಯಾರು? ಬನ್ನಿ ಅಕ್ಕಾರೆ, ಬಳೆ ಮೇಲೆ ಸರಿಸಿಕೊಳ್ಳಿ.