ಅಂಕಪಟ್ಟಿ ಮತ್ತು ಅಂಕಣ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ಹೊಣೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಪಂದ್ಯಾವಳಿಯ ಮೊತ್ತಮೊದಲ ಅಂತಿಮ ಪಂದ್ಯ ನಡೆದದ್ದು 1939ರ ಮಾರ್ಚ್ ತಿಂಗಳಿನಲ್ಲಿ, ಷಿಕಾಗೋ ನಗರಕ್ಕೆ ಹೊಂದಿಕೊಂಡು ಮಿಷಿಗನ್ ಸರೋವರದ ದಡದಲ್ಲಿರುವ ಎವನ್‌ಸ್ಟನ್ ಎಂಬ ಊರಿನಲ್ಲಿ. ಅಲ್ಲಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವ್ಯಾಯಾಮಶಾಲೆಯಲ್ಲಿ ಆರೆಗನ್ ತಂಡವು ಒಹಾಯೊ ಸ್ಟೇಟ್ ತಂಡವನ್ನು 46–33ರಿಂದ ಸೋಲಿಸಿತು. ಅಂಕಣವನ್ನು ಬಿಟ್ಟುಕೊಟ್ಟು ಆತಿಥ್ಯ ವಹಿಸಿದ ನಾರ್ತ್‌ವೆಸ್ಟರ್ನ್ ಮಾತ್ರ ಆ ಪಂದ್ಯಾವಳಿಗೆ ಮೊದಲ ಬಾರಿಗೆ ಪ್ರವೇಶ ಪಡೆದದ್ದು 2017ರಲ್ಲಿ, ಅಂದರೆ 78 ವರ್ಷಗಳ ಬಳಿಕ. ಅಷ್ಟು ದೀರ್ಘಕಾಲ ತಂಡದ ಬೆನ್ನಿಗೆ ನಿಂತ ಅಭಿಮಾನಿಗಳು ತಮ್ಮೊಳಗೆ ಬಿಡದೆ ಚರ್ಚಿಸಿದ ಪ್ರಶ್ನೆಯೊಂದಿದೆ. ಓದಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ವಿಶ್ವವಿದ್ಯಾಲಯಕ್ಕೆ ಒಳ್ಳೆಯ ಆಟಗಾರರನ್ನು ತರುವುದು ಹೇಗೆ, ತಂದ ಮೇಲೆ ಅವರಿಗೆ ನಿಜವಾಗಿ ಓದಿಸುವುದು ಹೇಗೆ, ಈ ಎರಡರ ನಡುವೆ ಅಭಿಮಾನಿಯ ಕೆಲಸವೇನು ಎಂಬುದೇ ಆ ಪ್ರಶ್ನೆ. ಇಂದಿನ ಮಾತು ಅದರ ಬಗ್ಗೆ.

ನಮ್ಮಲ್ಲಿ ಕ್ರೀಡಾಪಟುವಿಗೆ ವೃತ್ತಿಶಿಕ್ಷಣದ ಸೀಟು ದೊರೆಯುವುದು ಕ್ರೀಡಾ ಕೋಟಾದ ಮೂಲಕ. ಅರ್ಜಿಯನ್ನೂ ಪ್ರಮಾಣಪತ್ರಗಳನ್ನೂ ಹಿಡಿದು ವಿದ್ಯಾರ್ಥಿಯೇ ಹೋಗಬೇಕು. ಅಮೆರಿಕದಲ್ಲಿ ಕ್ರಮವೇ ಬೇರೆ. ಅಲ್ಲಿ ವಿಶ್ವವಿದ್ಯಾಲಯದ ತರಬೇತುದಾರರು ಹೈಸ್ಕೂಲು ಹುಡುಗರನ್ನು ಹುಡುಕಿಕೊಂಡು ಹೋಗುತ್ತಾರೆ. ಬೂಟು ತಯಾರಿಸುವ ದೊಡ್ಡ ಕಂಪನಿಗಳು ಬೇಸಿಗೆಯಲ್ಲಿ ಪ್ರಾಯೋಜಿಸುವ ಪಂದ್ಯಗಳಲ್ಲಿ ಹದಿನಾರು, ಹದಿನೇಳು ವರ್ಷದ ಹುಡುಗರ ಆಟವನ್ನು ಗಮನಿಸಿ, ಅವರ ಮನೆಗೆ ಹೋಗಿ ತಂದೆತಾಯಿಯರೊಂದಿಗೆ ಕುಳಿತು ಮಾತಾಡಿ, ಹುಡುಗನನ್ನು ಕ್ಯಾಂಪಸ್ಸಿಗೆ ಕರೆಸಿ ಎಲ್ಲವನ್ನೂ ತೋರಿಸಿ, ಕೊನೆಗೆ ಬೋಧನಾ ಶುಲ್ಕ, ವಸತಿ, ಊಟ ಎಲ್ಲವೂ ಸೇರಿದ ವಿದ್ಯಾರ್ಥಿವೇತನವನ್ನು ಮುಂದಿಡುತ್ತಾರೆ. ಈ ಇಡೀ ವ್ಯವಹಾರಕ್ಕೆ ರಿಕ್ರೂಟಿಂಗ್ ಎಂದು ಹೆಸರು. ಹುಡುಗರಿಗೆ ಐದು ನಕ್ಷತ್ರ, ನಾಲ್ಕು ನಕ್ಷತ್ರ, ಮೂರು ನಕ್ಷತ್ರ ಎಂದು ಶ್ರೇಣಿ ಹಚ್ಚುವ ಸಂಸ್ಥೆಗಳೇ ಇವೆ. ಆಟದ ಋತು ಮುಗಿದ ಮೇಲೂ ಅಭಿಮಾನಿಗಳ ಮಾತು ನಿಲ್ಲದಿರುವುದಕ್ಕೆ ಕಾರಣ ಇದೇ. ಯಾರು ಬರುತ್ತಾರೆ, ಯಾರು ಕೈತಪ್ಪಿದರು ಎಂಬ ಕುತೂಹಲ ವರ್ಷವಿಡೀ ಇರುತ್ತದೆ.

ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಪ್ರಕಾರ, ಮೊದಲ ದರ್ಜೆಯ ತಂಡದಲ್ಲಿ ಆಡಬೇಕಾದವನು ಹೈಸ್ಕೂಲಿನಲ್ಲಿ 16 ಮೂಲ ವಿಷಯಗಳನ್ನು ಓದಿರಬೇಕು ಮತ್ತು ಅವುಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ ಪಡೆದಿರಬೇಕು. ಇದು ಕೆಳಗಿನ ಮಿತಿ. ಅದರ ಮೇಲೆ ಪ್ರತಿ ವಿಶ್ವವಿದ್ಯಾಲಯದ ಪ್ರವೇಶ ಕಚೇರಿಯೂ ತನ್ನದೇ ಮಟ್ಟವನ್ನು ನಿಗದಿ ಮಾಡುತ್ತದೆ. ನಾರ್ತ್‌ವೆಸ್ಟರ್ನ್ ಸೇರಿರುವ ಬಿಗ್ ಟೆನ್ ಒಕ್ಕೂಟದಲ್ಲಿ ಬಹುಕಾಲ ಅದೊಂದೇ ಖಾಸಗಿ ವಿಶ್ವವಿದ್ಯಾಲಯವಾಗಿತ್ತು. ಉಳಿದವೆಲ್ಲ ದೊಡ್ಡ ದೊಡ್ಡ ರಾಜ್ಯ ವಿಶ್ವವಿದ್ಯಾಲಯಗಳು. ಹೀಗಾಗಿ ನೆರೆಯ ತರಬೇತುದಾರರು ಮಾತಾಡಿಸಬಹುದಾದ ಹುಡುಗರಲ್ಲಿ ಎಷ್ಟೋ ಮಂದಿಯನ್ನು ಎವನ್‌ಸ್ಟನ್ನಿನ ತರಬೇತುದಾರರು ಮೊದಲೇ ತಮ್ಮ ಪಟ್ಟಿಯಿಂದ ಕೈಬಿಡಬೇಕಾಗುತ್ತಿತ್ತು.

ಸೋಲಿಗೆಲ್ಲ ಇದೇ ಕಾರಣವೆಂದು ಅಭಿಮಾನಿಗಳಲ್ಲಿ ಒಂದು ಪಂಗಡ ಹೇಳುತ್ತ ಬಂದಿದೆ. ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಓದಿನಲ್ಲಿ ನಾರ್ತ್‌ವೆಸ್ಟರ್ನ್‌ಗೆ ಸಮನಾದ ಡ್ಯೂಕ್ ವಿಶ್ವವಿದ್ಯಾಲಯವು ಮೈಕ್ ಷಷೆವ್‌ಸ್ಕಿ ಅವರ ತರಬೇತಿಯಲ್ಲಿ 1991ರಿಂದ 2015ರ ನಡುವೆ ಐದು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ. ಹಾಗಾಗಿ ಪುಸ್ತಕವೇ ಸೋಲಿಗೆ ಕಾರಣ ಎನ್ನಲಾಗದು. ಆದರೆ 2015ರಲ್ಲಿ ಡ್ಯೂಕ್ ಪ್ರಶಸ್ತಿ ಗೆಲ್ಲಲು ನೆರವಾದ ಮೊದಲ ವರ್ಷದ ಮೂವರು ಪ್ರಮುಖ ಆಟಗಾರರು ಆ ಒಂದೇ ವರ್ಷ ಓದಿ, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಸೇರಿದರು ಎಂಬುದನ್ನೂ ನೆನೆಯಬೇಕು. ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎ ಸೇರುವುದನ್ನು 2006ರಿಂದ ತಡೆದ ವಯೋಮಿತಿಯಿಂದಾಗಿ, ಪ್ರತಿಭಾವಂತ ಹುಡುಗರಿಗೆ ಕಾಲೇಜು ಒಂದು ವರ್ಷದ ತಂಗುದಾಣವಾಯಿತು. ಇದರಲ್ಲಿ ಆ ಹುಡುಗರ ತಪ್ಪೇನೂ ಇಲ್ಲ. ಅವರನ್ನು ತೋರಿಸಿ ತಮ್ಮ ವಿದ್ಯಾಸಂಸ್ಥೆಯ ಹಿರಿಮೆಯನ್ನು ಹಾಡುವುದು ಮಾತ್ರ ನನಗೆ ಸರಿಕಾಣುವುದಿಲ್ಲ.

ಓದಿನ ಮಟ್ಟ ಎಂಬುದು ಸದಾ ನ್ಯಾಯದ ಪರವಾಗಿಯೇ ಇರುತ್ತದೆ ಎಂದೂ ಭಾವಿಸಬೇಕಾಗಿಲ್ಲ. 1989ರ ಜನವರಿಯಲ್ಲಿ, ಪರೀಕ್ಷಾ ಅಂಕಗಳ ಮಿತಿ ತಲುಪದ ಹೊಸ ಆಟಗಾರರಿಗೆ ವಿದ್ಯಾರ್ಥಿವೇತನವನ್ನೇ ನಿರಾಕರಿಸುವ ನಿಯಮವೊಂದು ಬರಲಿತ್ತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ತರಬೇತುದಾರ ಜಾನ್ ಥಾಮ್ಸನ್ ಅದನ್ನು ವಿರೋಧಿಸಿ, ಬಾಸ್ಟನ್ ಕಾಲೇಜಿನ ವಿರುದ್ಧದ ಪಂದ್ಯ ಆರಂಭವಾಗುವಾಗ ಅಂಕಣದಿಂದ ಎದ್ದು ಹೊರನಡೆದರು. ಬಡ ಕುಟುಂಬಗಳ, ಅದರಲ್ಲೂ ಕಪ್ಪು ಜನಾಂಗದ ಮಕ್ಕಳಿಗೆ ಕಾಲೇಜಿನ ಬಾಗಿಲನ್ನೇ ಈ ನಿಯಮ ಮುಚ್ಚುತ್ತದೆ ಎಂಬುದು ಅವರ ಆಕ್ಷೇಪ. ಓದನ್ನು ಹಗುರವಾಗಿ ಕಂಡವರು ಇವರಲ್ಲ. ತಮ್ಮ ಕಚೇರಿಯಲ್ಲಿ ಗಾಳಿ ಹೋದ ಬ್ಯಾಸ್ಕೆಟ್‌ಬಾಲ್ ಒಂದನ್ನು ಇಟ್ಟುಕೊಂಡು, ಚೆಂಡಿನೊಳಗಿನ ಗಾಳಿಯನ್ನೇ ನಂಬಿ ಬದುಕಬೇಡಿ ಎಂದು ಆಟಗಾರರಿಗೆ ತೋರಿಸುತ್ತಿದ್ದವರು. ಆಟಗಾರರ ಓದನ್ನು ನೋಡಿಕೊಳ್ಳಲು ಪ್ರತ್ಯೇಕ ಸಿಬ್ಬಂದಿಯನ್ನು ತಂಡದ ಬೆಂಚಿನಲ್ಲೇ ಕೂರಿಸಿದವರು. ಒಳಗೆ ಬಿಡುವಾಗ ಉದಾರತೆ, ಒಳಗೆ ಬಂದ ಮೇಲೆ ಶಿಸ್ತು ಎಂಬುದು ಅವರ ನಡೆಯಾಗಿತ್ತು. ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವ ನಿಲುವು ಅದೇ.

ಇದಕ್ಕೆ ವಿರುದ್ಧವಾದದ್ದು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಅಲ್ಲಿನ ಒಂದು ವಿಭಾಗದಲ್ಲಿ 1993ರಿಂದ 2011ರವರೆಗೆ ತರಗತಿಯೇ ನಡೆಯದ, ಒಂದು ಪ್ರಬಂಧ ಬರೆದುಕೊಟ್ಟರೆ ಒಳ್ಳೆಯ ದರ್ಜೆ ಸಿಗುವ ಕೋರ್ಸುಗಳು ನಡೆದವು ಎಂದು 2014ರ ತನಿಖಾ ವರದಿ ಬಯಲುಮಾಡಿತು. ಇಂಥ ಕೋರ್ಸುಗಳನ್ನು ತೆಗೆದುಕೊಂಡವರು 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕ್ರೀಡಾಪಟುಗಳು. ಅದೇ ಅವಧಿಯಲ್ಲಿ, 2005 ಮತ್ತು 2009ರಲ್ಲಿ, ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಕೋರ್ಸುಗಳು ಕ್ರೀಡಾಪಟುಗಳಿಗೆ ಮಾತ್ರವಲ್ಲದೆ ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದವು ಎಂಬ ಕಾರಣಕ್ಕೆ ಎನ್‌ಸಿಎಎ 2017ರಲ್ಲಿ ವಿಶ್ವವಿದ್ಯಾಲಯಕ್ಕೆ ಯಾವ ದಂಡನೆಯನ್ನೂ ವಿಧಿಸಲಿಲ್ಲ. ಅನೇಕ ಅಭಿಮಾನಿಗಳು ಈ ತೀರ್ಮಾನವನ್ನು ಗೆಲುವೆಂದು ಸಂಭ್ರಮಿಸಿದರು. ಪ್ರಶಸ್ತಿಯ ಪತಾಕೆ ಉಳಿಯಿತು, ನಿಜ. ಆದರೆ ಆ ಕೋರ್ಸುಗಳಲ್ಲಿ ಕುಳಿತ, ಅಥವಾ ಕುಳಿತುಕೊಳ್ಳುವ ಅವಕಾಶವೇ ಸಿಗದ ಹುಡುಗನಿಗೆ ವಿದ್ಯೆಯ ಹೆಸರಿನಲ್ಲಿ ಸಿಕ್ಕಿದ್ದೇನು? ಆಟಗಾರನಿಗೆ ಸಂಬಳವಿಲ್ಲದ ಆ ಕಾಲದಲ್ಲಿ ಅವನಿಗೆ ವಿಶ್ವವಿದ್ಯಾಲಯ ಕೊಡುತ್ತೇನೆಂದು ಮಾತುಕೊಟ್ಟಿದ್ದ ಪ್ರತಿಫಲವೇ ವಿದ್ಯೆ. ಅದನ್ನೇ ಕೊಡದಿದ್ದರೆ, ಆ ಮೋಸ ನಡೆದದ್ದು ಎದುರಾಳಿ ತಂಡಕ್ಕಲ್ಲ, ತನ್ನದೇ ಆಟಗಾರನಿಗೆ.

ಶಿಕ್ಷೆ ಬಿದ್ದ ಉದಾಹರಣೆಯೂ ಉಂಟು. ಪ್ರತಿ ಆಟಗಾರನೂ ಪ್ರತಿ ಅವಧಿಯಲ್ಲಿ ವಿಶ್ವವಿದ್ಯಾಲಯದಲ್ಲಿ ಉಳಿದನೇ, ಓದಿನಲ್ಲಿ ಅರ್ಹನಾಗಿ ಮುಂದುವರಿದನೇ ಎಂಬ ಎರಡು ಅಂಶಗಳನ್ನು ಲೆಕ್ಕಹಾಕಿ ತಂಡಕ್ಕೆ 1000ಕ್ಕೆ ಇಷ್ಟು ಎಂದು ಅಂಕ ನೀಡುವ ಶೈಕ್ಷಣಿಕ ಪ್ರಗತಿ ದರ ಎಂಬ ಪದ್ಧತಿಯಿದೆ. ಅದು ನಿಗದಿತ ಮಟ್ಟಕ್ಕಿಂತ ಕೆಳಗಿದ್ದ ತಂಡಕ್ಕೆ ಪಂದ್ಯಾವಳಿಗೆ ಪ್ರವೇಶ ನಿರಾಕರಿಸಿದ್ದುಂಟು. 2011ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕನೆಕ್ಟಿಕಟ್ ತಂಡ ಇದೇ ಕಾರಣಕ್ಕೆ 2013ರಲ್ಲಿ ಹೊರಗುಳಿಯಬೇಕಾಯಿತು. ಮರುವರ್ಷ, 2014ರಲ್ಲಿ, ಓದಿನ ಲೆಕ್ಕ ಸರಿಪಡಿಸಿಕೊಂಡು ಮರಳಿ ಬಂದ ಅದೇ ತಂಡ ಮತ್ತೆ ಪ್ರಶಸ್ತಿ ಗೆದ್ದಿತು. ನಿಷೇಧದ ವರ್ಷದಲ್ಲಿ ಬೇರೆಡೆಗೆ ಹೋಗಲು ಅವಕಾಶವಿದ್ದೂ ಉಳಿದುಕೊಂಡ ಆಟಗಾರರಿಂದಲೇ ಆ ಗೆಲುವು ಸಾಧ್ಯವಾಯಿತು ಎಂಬುದನ್ನು ಅಲ್ಲಿನ ಅಭಿಮಾನಿಗಳು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಈಗ ಎವನ್‌ಸ್ಟನ್ನಿಗೆ ಮರಳೋಣ. ಡ್ಯೂಕ್‌ನಲ್ಲಿ ಆಡಿ, ಅಲ್ಲೇ ಸಹಾಯಕ ತರಬೇತುದಾರರೂ ಆಗಿದ್ದ ಕ್ರಿಸ್ ಕಾಲಿನ್ಸ್ 2013ರಲ್ಲಿ ನಾರ್ತ್‌ವೆಸ್ಟರ್ನ್ ತಂಡವನ್ನು ವಹಿಸಿಕೊಂಡರು. ಪ್ರವೇಶದ ಮಟ್ಟವನ್ನು ದೂರುವುದನ್ನು ಬಿಟ್ಟು, ಆ ಮಟ್ಟದೊಳಗೆ ಸಿಗುವ ಹುಡುಗರನ್ನು ಹುಡುಕಿ ಕೆಲವು ವರ್ಷ ಒಟ್ಟಿಗೆ ಆಡಿಸಿದರು. 2017ರ ಮಾರ್ಚ್ 1ರಂದು ಮಿಷಿಗನ್ ವಿರುದ್ಧದ ಪಂದ್ಯ ಸಮಬಲದಲ್ಲಿದ್ದು ಎರಡು ಸೆಕೆಂಡುಗಳಷ್ಟೂ ಉಳಿದಿರದಿದ್ದಾಗ, ನೇಥನ್ ಟ್ಯಾಪಾರ್ನ್ ಅಂಕಣದ ಒಂದು ತುದಿಯಿಂದ ಎಸೆದ ಚೆಂಡನ್ನು ಡೆರೆಕ್ ಪಾರ್ಡನ್ ಇನ್ನೊಂದು ತುದಿಯಲ್ಲಿ ಹಿಡಿದು ಬುಟ್ಟಿಗೆ ಹಾಕಿದರು. ಆ 67–65ರ ಗೆಲುವಿನೊಂದಿಗೆ ದಶಕಗಳ ಕಾಯುವಿಕೆ ಬಹುತೇಕ ಮುಗಿಯಿತು. ಪಂದ್ಯಾವಳಿಯಲ್ಲಿ ತಂಡ ವ್ಯಾಂಡರ್‌ಬಿಲ್ಟ್ ತಂಡವನ್ನು 68–66ರಿಂದ ಸೋಲಿಸಿತು. ಮುಂದಿನ ಸುತ್ತಿನಲ್ಲಿ ಗೊನ್ಜಾಗ ತಂಡದ ಎದುರು ಬಹಳ ಹಿಂದೆ ಬಿದ್ದಿದ್ದರೂ ಹತ್ತಿರಕ್ಕೆ ಬಂದು 79–73ರಿಂದ ಸೋತಿತು. ಎದುರಾಳಿಯ ಕೈ ಬುಟ್ಟಿಯೊಳಗಿಂದ ಬಂದು ಚೆಂಡನ್ನು ತಡೆದದ್ದನ್ನು ತೀರ್ಪುಗಾರರು ಗಮನಿಸಲಿಲ್ಲವೆಂದು ಬಳಿಕ ಎನ್‌ಸಿಎಎ ಒಪ್ಪಿಕೊಂಡಿತು.

ಇಷ್ಟು ಸಂತೋಷದ ಮಾತು. ಅಭಿಮಾನಿಯ ನಿಜವಾದ ಪರೀಕ್ಷೆ ಆಮೇಲೆ ಬಂದಿತು. ವೆಲ್ಷ್–ರಯನ್ ಕ್ರೀಡಾಂಗಣದ ನವೀಕರಣ ನಡೆಯುತ್ತಿದ್ದುದರಿಂದ ಮರುವರ್ಷ ತಂಡ ತನ್ನ ತವರು ಪಂದ್ಯಗಳನ್ನು ರೋಸ್‌ಮಾಂಟ್ ಎಂಬ ಬೇರೊಂದು ಊರಿನಲ್ಲಿ ಆಡಿತು. ವಿದ್ಯಾರ್ಥಿಗಳಿಗೆ ಅದು ದೂರ. ಖಾಲಿ ಆಸನಗಳು ಕಣ್ಣಿಗೆ ಹೊಡೆದವು, ಸೋಲುಗಳು ಹೆಚ್ಚಿದವು. ಅನಂತರದ ನಾಲ್ಕು ವರ್ಷವೂ ತಂಡ ಚೇತರಿಸಿಕೊಳ್ಳಲಿಲ್ಲ. ಅಭಿಮಾನಿಗಳಲ್ಲಿ ಹಲವರು ತರಬೇತುದಾರರನ್ನು ಬದಲಿಸಬೇಕೆಂದು ಕೂಗಿದರು. ವಿಶ್ವವಿದ್ಯಾಲಯ ಅವರನ್ನು ಉಳಿಸಿಕೊಂಡಿತು. 2019ರಲ್ಲಿ ಸೇರಿದ ಬೂ ಬೂಯಿ ಎಂಬ ಆಟಗಾರನನ್ನು ದೊಡ್ಡ ತಂಡಗಳು ಬೆನ್ನುಹತ್ತಿದ್ದಿಲ್ಲ. ಅವರು ಅಲ್ಲೇ ಐದು ವರ್ಷ ಉಳಿದು, ನಾರ್ತ್‌ವೆಸ್ಟರ್ನ್ ಇತಿಹಾಸದಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಆಟಗಾರರಾದರು. 2023ರ ಫೆಬ್ರುವರಿಯಲ್ಲಿ ದೇಶದ ಮೊದಲ ಸ್ಥಾನದಲ್ಲಿದ್ದ ಪರ್ಡ್ಯೂ ತಂಡವನ್ನು ಎವನ್‌ಸ್ಟನ್ನಿನಲ್ಲೇ 64–58ರಿಂದ ಸೋಲಿಸಿದಾಗ, ಪ್ರೇಕ್ಷಕರು ಅಂಕಣಕ್ಕೇ ನುಗ್ಗಿ ಕುಣಿದರು. 2023 ಮತ್ತು 2024ರಲ್ಲಿ ಸತತವಾಗಿ ತಂಡ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಿ, ಎರಡೂ ಬಾರಿ ಒಂದೊಂದು ಪಂದ್ಯ ಗೆದ್ದಿತು. ರಿಕ್ರೂಟಿಂಗ್ ಶ್ರೇಣಿಗಳನ್ನೇ ನೆಚ್ಚಿಕೊಂಡು ತಂಡವನ್ನು ಅಳೆಯುವವರು ಈ ಐದು ವರ್ಷಗಳನ್ನು ಮತ್ತೊಮ್ಮೆ ನೋಡಬೇಕು.

ಆ ಅಭಿಮಾನಿಗಳಲ್ಲಿ ನನಗೆ ಹಿಡಿಸದ ಎರಡು ಸಂಗತಿಗಳನ್ನೂ ಹೇಳಬೇಕು. ಷಿಕಾಗೋ ಸುತ್ತಮುತ್ತ ಬಿಗ್ ಟೆನ್ ವಿಶ್ವವಿದ್ಯಾಲಯಗಳ ಹಳೆಯ ವಿದ್ಯಾರ್ಥಿಗಳು ಅಸಂಖ್ಯರಿದ್ದಾರೆ. ಇಲಿನಾಯ್ ಅಥವಾ ಇಂಡಿಯಾನ ತಂಡ ಬಂದ ದಿನ, ಏಳು ಸಾವಿರದಷ್ಟು ಆಸನಗಳ ಆ ಕ್ರೀಡಾಂಗಣದಲ್ಲಿ ತವರು ತಂಡದ ನೇರಳೆ ಬಣ್ಣಕ್ಕಿಂತ ಎದುರಾಳಿಗಳ ಬಣ್ಣವೇ ಹೆಚ್ಚಾಗಿ ಕಾಣುವುದುಂಟು. ಋತುವಿಡೀ ಟಿಕೆಟ್ ಕೊಂಡವರೇ ದೊಡ್ಡ ಪಂದ್ಯಗಳ ಟಿಕೆಟನ್ನು ಲಾಭಕ್ಕೆ ಮಾರಿಕೊಂಡರೆ ಹೀಗಾಗದೆ ಇನ್ನೇನಾಗುತ್ತದೆ? ಎರಡನೆಯದು, ಓದಿಗೆ ಹೆಸರಾದ ಹಲವು ವಿಶ್ವವಿದ್ಯಾಲಯಗಳ ಪ್ರೇಕ್ಷಕರು ಸೋಲುವಾಗ ಕೂಗುವ ಒಂದು ಘೋಷಣೆ. ಇರಲಿ ಬಿಡಿ, ಮುಂದೊಂದು ದಿನ ನೀವು ನಮ್ಮ ಕೈಕೆಳಗೇ ದುಡಿಯುವವರು ಎಂಬುದು ಅದರ ಭಾವ. ಅಂಕಣದಲ್ಲಿ ಬೆವರು ಸುರಿಸುತ್ತಿರುವ ಹುಡುಗನೊಬ್ಬನ ಬಡತನವನ್ನೂ ಶಾಲೆಯನ್ನೂ ಹೀಯಾಳಿಸುವ ಈ ಕೂಗಿಗೂ ವಿದ್ಯೆಗೂ ಯಾವ ಸಂಬಂಧವೂ ಇಲ್ಲ. ತಮ್ಮದೇ ತಂಡದ ಆಟಗಾರರಲ್ಲೂ ಅಂಥ ಮನೆಗಳಿಂದ ಬಂದವರಿದ್ದಾರೆ, ಅವರ ಕಿವಿಗೂ ಆ ಮಾತು ಬೀಳುತ್ತದೆ ಎಂಬುದನ್ನಾದರೂ ಕೂಗುವವರು ಯೋಚಿಸಬೇಕಿತ್ತು.

ಇದೀಗ ಇಡೀ ವ್ಯವಸ್ಥೆಯೇ ಬದಲಾಗಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದಂತೆ, ವಿಶ್ವವಿದ್ಯಾಲಯವೇ ತನ್ನ ಕ್ರೀಡಾಪಟುಗಳಿಗೆಲ್ಲ ಸೇರಿ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ದುಡಿಮೆಗೆ ತಕ್ಕ ಹಣ ಸಿಗುವುದು ನ್ಯಾಯವೇ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಇದರ ಜೊತೆಗೇ, ಓದಿನಲ್ಲಿ ಅರ್ಹನಾಗಿರುವ ಆಟಗಾರ ಎಷ್ಟು ಬಾರಿ ಬೇಕಾದರೂ ವಿಶ್ವವಿದ್ಯಾಲಯ ಬದಲಿಸಿ ತಕ್ಷಣ ಆಡಲು 2024ರಿಂದ ಅನುಮತಿ ಸಿಕ್ಕಿದೆ. ಒಂದೆಡೆ ಪೂರೈಸಿದ ಎಷ್ಟೋ ಕೋರ್ಸುಗಳನ್ನು ಇನ್ನೊಂದೆಡೆ ಪದವಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ವರ್ಷಗಳಲ್ಲಿ ಮೂರು ಊರು ಸುತ್ತಿದ ಹುಡುಗ, ಆಟ ಮುಗಿದ ದಿನ ಪದವಿಯಿಂದ ಇನ್ನೂ ಎರಡು ವರ್ಷ ದೂರವಿರಬಹುದು. ಅಭಿಮಾನಿಗಳು ದೇಣಿಗೆ ಕೂಡಿಸಿ ಹೊಸ ಆಟಗಾರರನ್ನು ಕರೆತರುವ ಈ ದಿನಗಳಲ್ಲಿ, ಹೀಗೆ ಬಂದವನ ಪದವಿಯ ಹೊಣೆಯಲ್ಲೂ ಅವರಿಗೆ ಪಾಲಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಪದವಿಯ ಲೆಕ್ಕ ಗುಟ್ಟಿನದ್ದೇನೂ ಅಲ್ಲ. ಆರು ವರ್ಷಗಳೊಳಗೆ ಪದವಿ ಮುಗಿಸಿದ ಆಟಗಾರರ ಪ್ರಮಾಣವನ್ನು ಎನ್‌ಸಿಎಎ ಪ್ರತಿ ವರ್ಷ ತಂಡವಾರು ಪ್ರಕಟಿಸುತ್ತದೆ. ರಿಕ್ರೂಟಿಂಗ್ ಶ್ರೇಣಿಗಳನ್ನು ಬಾಯಿಪಾಠ ಒಪ್ಪಿಸುವ ಅಭಿಮಾನಿಗಳಲ್ಲಿ ಆ ಪಟ್ಟಿಯನ್ನು ತೆರೆದು ನೋಡುವವರು ಕಡಿಮೆ. ನೋಡಿದರೂ ಅದರಲ್ಲೊಂದು ಕೊರತೆಯಿದೆ: ಒಳ್ಳೆಯ ದರ್ಜೆಯಲ್ಲಿರುವಾಗಲೇ ಬೇರೆ ವಿಶ್ವವಿದ್ಯಾಲಯಕ್ಕೆ ಹೋದ ಆಟಗಾರನನ್ನು ಹಳೆಯ ತಂಡದ ಲೆಕ್ಕದಿಂದ ತೆಗೆದುಬಿಡುತ್ತಾರೆ. ಆದ್ದರಿಂದ ಸಂಖ್ಯೆ ಚೆನ್ನಾಗಿ ಕಂಡರೂ, ಬಿಟ್ಟುಹೋದ ಹುಡುಗರು ಎಲ್ಲಿಗೆ ಹೋದರು, ಅಲ್ಲಿ ಪದವಿ ಪಡೆದರೇ ಎಂದು ಪ್ರತ್ಯೇಕವಾಗಿ ಕೇಳಲೇಬೇಕು. ತರಬೇತುದಾರರು ದಾನಿಗಳನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಭೇಟಿಯಾಗುವ ಸಭೆಗಳು ವರ್ಷಕ್ಕೆ ಹಲವು ನಡೆಯುತ್ತವೆ; ಮುಂದಿನ ವರ್ಷ ಯಾರು ಬರುತ್ತಿದ್ದಾರೆ ಎಂದು ಕೇಳುವ ಅದೇ ಸಭೆಯಲ್ಲಿ, ಕಳೆದ ವರ್ಷ ಹೋದವರ ಬಗ್ಗೆಯೂ ಕೇಳಬಹುದು.

ನಮಸ್ಕಾರ.