ಮೂಲೆಯಿಂದ ಮೂಲೆಗೆ ಹಿಡಿದ ಟೇಪು

ಕೇಳುಗರಿಗೆ ನಮಸ್ಕಾರ.

ಒಳಾಂಗಣ ವಾಸ್ತುಶಿಲ್ಪದ ಸ್ನಾತಕೋತ್ತರ ಓದಿಗೆ ಸೇರಿದ ಮೊದಲ ವಾರ ನಮಗೆ ಸಿಕ್ಕಿದ್ದು ಒಂದು ಖಾಲಿ ಕೋಣೆ, ಒಂದು ಟೇಪು, ಒಂದು ಕಟ್ಟು ಬಿಳಿ ಹಾಳೆ. ಮೂರು ವಾರ ಹೊಸದಾಗಿ ಒಂದು ಗೆರೆಯನ್ನೂ ಎಳೆಯುವ ಹಾಗಿಲ್ಲ, ಇರುವುದನ್ನು ಅಳೆದು ಬರೆಯಿರಿ ಅಂದರು. ನನಗೆ ಸಿಟ್ಟೇ ಬಂತು. ಡಿಗ್ರಿ ಮುಗಿಸಿ, ಎರಡು ವರ್ಷ ಕೆಲಸವನ್ನೂ ಮಾಡಿ ಬಂದವಳು ನಾನು. ಟೇಪು ಹಿಡಿಯೋದನ್ನು ಈಗ ಕಲೀಬೇಕಾ?

ಅರ್ಧ ದಿನದಲ್ಲಿ ಮುಗಿಸಿದೆ. ನಾಲ್ಕು ಗೋಡೆ ಅಳೆದೆ. ಎದುರುಬದುರು ಗೋಡೆಗಳ ಉದ್ದ ಸರಿಯಾಗಿ ಹೊಂದಿತು. ಚಂದದ ಒಂದು ಆಯತ ಬರೆದು ಮೇಷ್ಟ್ರ ಮುಂದೆ ಇಟ್ಟೆ. ಅವರು ಹಾಳೆ ನೋಡಿ ಒಂದೇ ಮಾತು ಕೇಳಿದರು: "ಕರ್ಣ ಎಷ್ಟು ಬಂತು?"

ಕರ್ಣ ಅಂದರೆ ಈ ಮೂಲೆಯಿಂದ ಎದುರು ಮೂಲೆಗೆ ಇರುವ ದೂರ. ನಾನು ಅಳೆದೇ ಇರಲಿಲ್ಲ. ವಾಪಸ್ ಹೋಗಿ ಟೇಪು ಹಿಡಿದರೆ ಒಂದು ಕರ್ಣಕ್ಕೂ ಇನ್ನೊಂದಕ್ಕೂ 11 ಸೆಂಟಿಮೀಟರ್ ವ್ಯತ್ಯಾಸ! ಕೋಣೆ ಆಯತವೇ ಅಲ್ಲ, ಓರೆ. ನನ್ನ ಹಾಳೆ ನಂಬಿಕೊಂಡು ಬಡಗಿ ಗೋಡೆಯಿಂದ ಗೋಡೆಗೆ ಕಪಾಟು ಮಾಡಿ ತಂದಿದ್ದರೆ, ಒಂದು ತುದಿಯಲ್ಲಿ ಅದು ಸಿಕ್ಕಿಕೊಳ್ಳುತ್ತಿತ್ತು, ಇನ್ನೊಂದು ತುದಿಯಲ್ಲಿ ಬೆರಳು ತೂರುವಷ್ಟು ಸಂದು.

ಎರಡನೇ ವಾರ ಗೋಡೆ ತಟ್ಟುತ್ತಾ ಕೂತೆವು. ಒಂದು ಕಡೆ ಗಟ್ಟಿ ಸದ್ದು, ಒಂದು ಕಡೆ ಪೊಳ್ಳು. ಎಂದೋ ಮುಚ್ಚಿದ ಬಾಗಿಲು ಅಲ್ಲಿತ್ತು. ಗಾರೆಯ ಮೇಲೆ ಕೂದಲೆಳೆಯಂಥ ಬಿರುಕು ಆ ಬಾಗಿಲಿನ ಆಕಾರವನ್ನೇ ಬರೆದಿತ್ತು. ಮೊದಲ ದಿನವೂ ಆ ಬಿರುಕು ಅಲ್ಲೇ ಇತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಇಷ್ಟಕ್ಕೂ ಈ ಓದು ಯಾವುದು? ಒಳಾಂಗಣ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಪರದೆ, ಸೋಫಾ, ಗೋಡೆಯ ಬಣ್ಣ. ಅದು ಅಲಂಕಾರ. ತಪ್ಪೇನಿಲ್ಲ, ಅದೂ ಒಂದು ಕಸುಬೇ. ಒಳಾಂಗಣ ವಿನ್ಯಾಸ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಜನ ಎಲ್ಲಿ ಓಡಾಡುತ್ತಾರೆ, ಎಲ್ಲಿ ಕೂರುತ್ತಾರೆ, ಸ್ವಿಚ್ಚು ಎಲ್ಲಿರಬೇಕು, ಇದೆಲ್ಲ ಅದರಲ್ಲಿ ಬರುತ್ತದೆ. ಒಳಾಂಗಣ ವಾಸ್ತುಶಿಲ್ಪದವರು ಗೋಡೆಗೇ ಕೈ ಹಾಕುತ್ತಾರೆ. ಯಾವ ಗೋಡೆ ಭಾರ ಹೊತ್ತಿದೆ, ಯಾವುದು ಸುಮ್ನೆ ನಿಂತಿದೆ, ಸ್ಲ್ಯಾಬ್ ಎಲ್ಲಿ ಕತ್ತರಿಸಿ ಮೆಟ್ಟಿಲು ಇಳಿಸಬಹುದು ಅಂತ ಯೋಚಿಸುತ್ತಾರೆ. ಲೆಕ್ಕ ಮಾಡಿ ಸಹಿ ಹಾಕುವವರು ಸ್ಟ್ರಕ್ಚರಲ್ ಎಂಜಿನಿಯರ್ರೇ. ಆದರೆ ಅವರ ಹತ್ತಿರ ಯಾವ ಪ್ರಶ್ನೆ ಒಯ್ಯಬೇಕು ಅನ್ನುವುದು ನಮಗೆ ಗೊತ್ತಿರಬೇಕು, ಅಲ್ವಾ?

ಹೆಸರಿನ ವಿಷಯ ಒಂದಿದೆ. ಸೇರುವ ಮೊದಲೇ ತಿಳಿದಿದ್ದರೆ ಒಳ್ಳೆಯದು. ಈ ಪದವಿ ಪಡೆದವರೆಲ್ಲ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳುವ ಹಾಗಿಲ್ಲ. ಅಮೆರಿಕದಲ್ಲಿ ಆ ಹೆಸರಿಗೆ ಬೇರೆಯೇ ಲೈಸೆನ್ಸ್ ಬೇಕು. ಜರ್ಮನಿಯಲ್ಲಿ 'ಇನ್ನೆನ್ ಆರ್ಕಿಟೆಕ್ಟ್' ಅಂದರೆ ಒಳಾಂಗಣ ವಾಸ್ತುಶಿಲ್ಪಿ ಅನ್ನುವ ಹೆಸರಿಗೇ ಕಾನೂನಿನ ಕಾವಲಿದೆ, ವಾಸ್ತುಶಿಲ್ಪಿಗಳ ಚೇಂಬರಿನ ಪಟ್ಟಿಯಲ್ಲಿ ಸೇರಿದವರಿಗೆ ಮಾತ್ರ ಅದು ಸಲ್ಲುತ್ತದೆ. ನೆದರ್ಲೆಂಡ್ಸ್‌ನಲ್ಲಿ ಈ ಹೆಸರಿನ ಅಧಿಕೃತ ರಿಜಿಸ್ಟರಿಗೆ ಸೇರಬೇಕಾದರೆ ಸ್ನಾತಕೋತ್ತರ ಪದವಿಯ ಜೊತೆಗೆ ಕೆಲಸದ ಅನುಭವವನ್ನೂ ಕೇಳುತ್ತಾರೆ. ಕೋರ್ಸಿನ ಹೆಸರು ನೋಡಿ ಮರುಳಾಗಬೇಡಿ. ಮುಗಿದ ಮೇಲೆ ನೀವು ಕೆಲಸ ಮಾಡುವ ದೇಶದಲ್ಲಿ ಆ ಕಾಗದಕ್ಕೆ ಏನು ಬೆಲೆ ಅಂತ ಮೊದಲು ವಿಚಾರಿಸಿ. ಓದಿನ ಅವಧಿಯೂ ಒಂದೇ ಥರ ಇಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ, ಯುರೋಪಿನ ಬೇರೆ ಕಡೆ ಹೆಚ್ಚಾಗಿ ಎರಡು. ನನ್ನನ್ನು ಕೇಳಿದರೆ ಒಂದು ವರ್ಷ ಸಾಲದು. ಕಣ್ಣು ಪಳಗುವುದಕ್ಕೇ ಅರ್ಧ ವರ್ಷ ಬೇಕು.

ಡಿಗ್ರಿಯಲ್ಲಿ ಹೊಸದನ್ನು ಕಟ್ಟುವುದು ಕಲಿಸುತ್ತಾರೆ. ಸ್ನಾತಕೋತ್ತರದಲ್ಲಿ ಬಹುತೇಕ ಎಲ್ಲವೂ ಹಳೆ ಕಟ್ಟಡದ ಮೇಲೆಯೇ ನಡೆಯುತ್ತದೆ. ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಂತೂ ಒಂದು ಸ್ನಾತಕೋತ್ತರ ಕೋರ್ಸಿನ ಹೆಸರಲ್ಲೇ ಕಟ್ಟಡದ ಮರುಬಳಕೆ ಅನ್ನುವ ಮಾತಿದೆ.

ಈ ವಿದ್ಯೆಗೆ ಎಲ್ಲರೂ ತೋರಿಸುವ ಕಟ್ಟಡ ಒಂದಿದೆ. ಇಟಲಿಯ ವೆರೋನಾದ ಕಾಸ್ಟೆಲ್‌ವೆಕ್ಕಿಯೊ. ನದಿ ದಂಡೆಯ ಹಳೆ ಕೋಟೆ, ಈಗ ಮ್ಯೂಸಿಯಂ. ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಅಲ್ಲಿ 1950ರ ದಶಕದ ಕೊನೆಯಿಂದ 1964ರವರೆಗೆ ಮುಖ್ಯ ಕೆಲಸ ಮಾಡಿದರು. ಅಲ್ಲಿನ ನೆಲವನ್ನು ನೋಡಬೇಕು. ಹೊಸ ನೆಲ ಹಳೆ ಗೋಡೆಗೆ ತಾಗುವುದಿಲ್ಲ. ನಡುವೆ ಸಣ್ಣ ಕಾಲುವೆಯಂತೆ ಸಂದು ಬಿಟ್ಟಿದ್ದಾರೆ. ನೆಲದ ಅಂಚಿಗೆ ಬಿಳಿಚು ಕಲ್ಲಿನ ಪಟ್ಟಿ. ಹಾಸಿದ ಚಾಪೆಯ ಹಾಗೆ ನೆಲ ತನ್ನಷ್ಟಕ್ಕೆ ತಾನಿದೆ. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಅಂತ ಯಾರೂ ಹೇಳಿಕೊಡಬೇಕಿಲ್ಲ, ಬಗ್ಗಿ ನೋಡಿದರೆ ಸಾಕು.

ಹಾಗಂತ ಅವರು ಏನನ್ನೂ ಕೆಡವಲಿಲ್ಲ ಅಂತಲ್ಲ. ನೆಪೋಲಿಯನ್ ಕಾಲದಲ್ಲಿ ಸೇರಿಸಿದ್ದ ಕಟ್ಟಡದ ಒಂದು ಭಾಗವನ್ನು, ಮೆಟ್ಟಿಲನ್ನೂ ಸೇರಿಸಿ, ತೆಗೆಸಿಯೇಬಿಟ್ಟರು. ಹಾಗೆ ತೆರವಾದ ಜಾಗದಲ್ಲಿ ಕಾಂಕ್ರೀಟಿನ ಒಂದು ತೋಳು ಚಾಚಿ, ಅದರ ಮೇಲೆ 14ನೇ ಶತಮಾನದ ಕುದುರೆ ಸವಾರನ ಪ್ರತಿಮೆ ನಿಲ್ಲಿಸಿದರು. ಕಾನ್‌ಗ್ರಾಂದೆ ಅನ್ನುವ ದೊರೆ ಅವನು. ಕೆಳಗಿನಿಂದ ನೋಡಿದರೆ ಗಾಳಿಯಲ್ಲಿ ನಿಂತ ಹಾಗಿದೆ. ಸುತ್ತ ಹಲವು ಕಾಲದ ಗೋಡೆಗಳು ಬಂದು ಸೇರುತ್ತವೆ, ನಡುವೆ ಅವನೊಬ್ಬ. ಏನನ್ನು ಉಳಿಸಬೇಕು ಅನ್ನುವಷ್ಟೇ ಏನನ್ನು ತೆಗೆಯಬೇಕು ಅನ್ನುವುದೂ ಅಲ್ಲಿ ಪಾಠ. ನಮ್ಮ ಸ್ಟುಡಿಯೋದಲ್ಲಿ ಒಂದಿಡೀ ತಿಂಗಳು ಈ ಮೂಲೆಯೊಂದರ ಮಾಡೆಲ್ ಮಾಡಿಸಿದರು, 1:20 ಅಳತೆಯಲ್ಲಿ. ರಟ್ಟು ಕತ್ತರಿಸಿ ಕತ್ತರಿಸಿ ಬೆರಳೆಲ್ಲ ಗಾಯ. ಆದರೆ ಫೋಟೋದಲ್ಲಿ ಕಾಣದ ಒಂದು ವಿಷಯ ಮಾಡೆಲಿನಲ್ಲಿ ಗೊತ್ತಾಯಿತು. ಆ ಪ್ರತಿಮೆ ಒಂದೇ ಕಡೆಯಿಂದ ನೋಡಲಿಕ್ಕೆ ಇಟ್ಟದ್ದಲ್ಲ. ಕೆಳಗಿನಿಂದ, ಪಕ್ಕದಿಂದ, ಮೇಲಿನ ಸೇತುವೆಯಿಂದ, ನಡೆಯುತ್ತಾ ಹೋದಂತೆ ಅದು ಮತ್ತೆ ಮತ್ತೆ ಎದುರಾಗುತ್ತದೆ.

ಇನ್ನು ಕಣ್ಣಿಗೆ ಕಾಣದ ಪಾಠಗಳು. ಬೆಳಕು, ಗಾಳಿ, ಸದ್ದು. ಇವುಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಸದ್ದು. ರೇಡಿಯೋದಲ್ಲಿ ಕೂತು ಮಾತಾಡುವಾಗ ಇದನ್ನು ಹೇಳದೆ ಇರಲಾರೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಪದ ಆಡಿದರೆ ಅದು ಐದು ಸೆಕೆಂಡಿಗೂ ಜಾಸ್ತಿ ಕೋಣೆಯಲ್ಲೇ ಸುತ್ತುತ್ತಿತ್ತು. ಅಷ್ಟರಲ್ಲಿ ಹಿಂದೆ ಹಲವಾರು ಪದ ಬಂದು ಕಲಸುಮೇಲೋಗರ. ಸರಿ ಮಾಡಿ ಅಂತ ವ್ಯಾಲೆಸ್ ಸೇಬಿನ್ ಅನ್ನುವ ಯುವ ಭೌತವಿಜ್ಞಾನಿಗೆ ಒಪ್ಪಿಸಿದರು. ಅವರು ಹತ್ತಿರದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತಂದರು. ಊರು ಮಲಗಿದ ಮೇಲೆ, ರಾತ್ರಿ ಹೊತ್ತು, ಆರ್ಗನ್ನಿನ ಒಂದು ಕೊಳವೆ ಊದಿಸಿ, ಸದ್ದು ಅಡಗುವವರೆಗೆ ಗಡಿಯಾರ ಹಿಡಿದು ಎಣಿಸಿದರು. ಮೆತ್ತೆ ಸೇರಿಸಿದಂತೆಲ್ಲ ಸಮಯ ಇಳಿಯಿತು. ಬೆಳಗಾಗುವ ಮೊದಲು ಮೆತ್ತೆ ವಾಪಸ್.

ಅದರಿಂದ ಹುಟ್ಟಿದ ಸೂತ್ರವನ್ನು ಈಗಲೂ ಬಳಸುತ್ತೇವೆ. ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಮೇಲ್ಮೈಯಿಂದ ಭಾಗಿಸಿದರೆ ಸದ್ದು ಎಷ್ಟು ಸೆಕೆಂಡು ಉಳಿಯುತ್ತದೆ ಅಂತ ಸಿಗುತ್ತದೆ. 200 ಘನ ಮೀಟರ್ ಕೋಣೆ, 16 ಚದರ ಮೀಟರ್ ಹೀರಿಕೆ ಅಂದರೆ ಸುಮಾರು ಎರಡು ಸೆಕೆಂಡು. ಪಾಠ ಹೇಳಲು ಆಗದ ಕೋಣೆ. ಹೀರಿಕೆಯನ್ನು ಎರಡರಷ್ಟು ಮಾಡಿದರೆ ಒಂದು ಸೆಕೆಂಡಿಗೆ ಇಳಿಯುತ್ತದೆ. ಪರದೆ ಅಂದರೆ ಅಲಂಕಾರ ಅಂತ ಆಗಲೇ ಅಂದೆನಲ್ಲ, ಆ ಮಾತನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದಪ್ಪ ಪರದೆ ಈ ಲೆಕ್ಕದಲ್ಲಿ ಬರುತ್ತದೆ.

ಮೆಟ್ಟಿಲಿಗೂ ಇಂಥದ್ದೊಂದು ಲೆಕ್ಕವಿದೆ. 17ನೇ ಶತಮಾನದ ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲೋಂಡೆಲ್ ಹೇಳಿದ್ದು. ಒಂದು ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಕಾಲಿಡುವ ಜಾಗದ ಅಗಲ ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯಷ್ಟು ಬರಬೇಕು. ಎತ್ತರ 165 ಮಿಲಿಮೀಟರ್, ಅಗಲ 300 ಇದ್ದರೆ 630. ಕಾಲಿಗೆ ಹಿತ.

ಇನ್ನೊಂದು ಪಾಠ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಬ್ರಿಟನ್ನಿನ ವಾಸ್ತುಶಿಲ್ಪಿ ಫ್ರಾಂಕ್ ಡಫಿ ಕಟ್ಟಡವನ್ನು ವಯಸ್ಸಿನ ಪದರಗಳಾಗಿ ನೋಡಿ ಅಂದರು. ಕಟ್ಟಡದ ಮೂಲ ಚೌಕಟ್ಟು ಸುಮಾರು 50 ವರ್ಷ ಬಾಳುತ್ತದೆ. ತಂತಿ, ಕೊಳವೆ 15ರಷ್ಟು. ಒಳಗಿನ ಪಾರ್ಟಿಷನ್, ಸೀಲಿಂಗ್ ಐದಾರು ವರ್ಷ. ಮೇಜು ಕುರ್ಚಿಯಂತೂ ದಿನಕ್ಕೊಂದು ಕಡೆ. ಲೆಕ್ಕ ಹಾಕಿ ನೋಡಿ, ಒಂದೇ ಕಟ್ಟಡದ ಆಯಸ್ಸಿನಲ್ಲಿ ಅದರ ಹೊಟ್ಟೆಯನ್ನು ಏಳೆಂಟು ಸಲ ಕಿತ್ತು ಹೊರಗೆ ಸುರಿಯುತ್ತೇವೆ. ಅಂಟು ಬಳಿದು ಕೂರಿಸಿದ್ದು ಕಸವೇ ಆಗುತ್ತದೆ. ಸ್ಕ್ರೂ ಹಾಕಿ ಕೂರಿಸಿದ್ದು ಇನ್ನೊಂದು ಕಡೆ ಹೋಗಬಹುದು. ಅಂದಿನಿಂದ ನನ್ನ ಡ್ರಾಯಿಂಗಿನಲ್ಲಿ ಅಂಟು ಕಂಡರೆ ನನಗೇ ಕಿರಿಕಿರಿ.

ಜ್ಯೂರಿ ಬಗ್ಗೆ ಎರಡು ಮಾತು. ಗೋಡೆಗೆ ಹಾಳೆ ಅಂಟಿಸಿ ಮೂರ್ನಾಲ್ಕು ಜನ ಹಿರಿಯರ ಮುಂದೆ ನಿಲ್ಲುವ ದಿನ ಅದು. ಕಂಪ್ಯೂಟರಿನಲ್ಲಿ ಮಾಡಿದ ಹೊಳೆಯುವ ಚಿತ್ರ ತೋರಿಸಿ ಪಾರಾಗುತ್ತೇವೆ ಅಂದುಕೊಂಡವರೇ ಮೊದಲು ಬೀಳುತ್ತಾರೆ. "ಈ ಗೋಡೆಯ ಸೆಕ್ಷನ್ ಎಲ್ಲಿ?", ಅಂದರೆ ಗೋಡೆ ಸೀಳಿ ಒಳಗನ್ನು ತೋರಿಸುವ ಚಿತ್ರ ಎಲ್ಲಿ, ಅಂತ ಕೇಳಿದರೆ ಮುಗಿಯಿತು.

ನಮ್ಮ ಬ್ಯಾಚಿನಲ್ಲಿ ಒಬ್ಬಳು ಥೀಸಿಸ್‌ಗೆ ಒಂದು ಹಳೆ ಗೋದಾಮು ತೆಗೆದುಕೊಂಡಳು. ಮುಚ್ಚಿದ್ದ ಎರಡು ಕಿಟಕಿ ತೆರೆಯುವುದು, ನೆಲ ತೊಳೆಯುವುದು, ಹಿಡಿದುಕೊಳ್ಳಲು ಒಂದು ಕಂಬಿ ಹಾಕುವುದು. ಅಷ್ಟೇ ಅವಳ ವಿನ್ಯಾಸ. ಜ್ಯೂರಿಯಲ್ಲಿ ಜಗಳವೇ ಆಯಿತು. ಒಬ್ಬರು ಇದು ಸೋಮಾರಿತನ ಅಂದರು. ಅವಳು ತಣ್ಣಗೆ ಒಂದು ಉದಾಹರಣೆ ಕೊಟ್ಟಳು. 1996ರಲ್ಲಿ ಫ್ರಾನ್ಸಿನ ಬೋರ್ದೋ ನಗರ ತನ್ನ ಒಂದು ಚಿಕ್ಕ ಚೌಕವನ್ನು ಚಂದ ಮಾಡಿಕೊಡಿ ಅಂತ ಲಕಾತೋನ್ ಮತ್ತು ವಾಸಾಲ್ ಅನ್ನುವ ವಾಸ್ತುಶಿಲ್ಪಿ ಜೋಡಿಯನ್ನು ಕೇಳಿತ್ತು. ಅವರು ಹೋಗಿ ನೋಡಿದರು, ಅಲ್ಲಿಯವರನ್ನು ಮಾತಾಡಿಸಿದರು. ಇದು ಈಗಾಗಲೇ ಚಂದವಿದೆ, ಜಲ್ಲಿ ಬದಲಿಸಿ, ಮರಗಳನ್ನು ನೋಡಿಕೊಳ್ಳಿ, ಆಗಾಗ ಗುಡಿಸಿ ಅಂತ ಹೇಳಿ ಬಂದರು. 2021ರಲ್ಲಿ ಅದೇ ಜೋಡಿಗೆ ವಾಸ್ತುಶಿಲ್ಪದಲ್ಲೇ ದೊಡ್ಡದೆನ್ನುವ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಗೆಳತಿಗೆ ಒಳ್ಳೆಯ ಅಂಕವೇ ಬಂತು. ಯಾಕೆಂದರೆ ಅವಳು ಯಾವ ಗಂಟೆಗೆ ಯಾವ ಕಿಟಕಿಯಿಂದ ಬೆಳಕು ಎಲ್ಲಿಗೆ ಬೀಳುತ್ತದೆ ಅಂತ ವರ್ಷವಿಡೀ ಬರೆದಿಟ್ಟಿದ್ದಳು. ಸೋಮಾರಿ ಮಾಡುವ ಕೆಲಸ ಅಲ್ಲ ಅದು.

ಅರ್ಜಿ ಹಾಕುವ ಯೋಚನೆ ಇರುವವರು ಪೋರ್ಟ್‌ಫೋಲಿಯೋದಲ್ಲಿ ಮುಗಿದ ಚಿತ್ರಗಳನ್ನಷ್ಟೇ ತುಂಬಬೇಡಿ. ಸೈಟಿನಲ್ಲಿ ಕೂತು ಬರೆದ ಕೊಳೆಯಾದ ಹಾಳೆಗಳನ್ನೂ ಸೇರಿಸಿ. ಆಯ್ಕೆ ಮಾಡುವವರು ಅಲ್ಲೇ ನಿಲ್ಲುತ್ತಾರೆ. ಆ ತಪ್ಪು ಆಯತದ ಹಾಳೆ ಈಗಲೂ ನನ್ನ ಫೈಲಿನ ಮೊದಲ ಪುಟದಲ್ಲಿದೆ. ಮೇಲೆ ಕೆಂಪು ಪೆನ್ನಿನಲ್ಲಿ ಎರಡು ಕರ್ಣ, ಎರಡು ಅಳತೆ.

ನಮಸ್ಕಾರ.